ಗಾಬರಿ ಮರೆತ ಮೀನು

ನನ್ನ ಸೋದರಮಾವನ ಎದುರು ನಾನು ವಾದದಲ್ಲಿ ಗೆದ್ದದ್ದು ಬಹಳ ಕಡಿಮೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸಿಕ್ಕ ಕಪ್ಪುಗಳು ಬಾಗಲಕೋಟೆಯ ನಮ್ಮ ಮನೆಯ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಇಳಕಲ್ಲಿನಲ್ಲಿ ಅವನ ಬಣ್ಣದ ಮನೆಯ ಕಟ್ಟೆಯ ಮೇಲೆ ಮಾತ್ರ ಅವಕ್ಕೆ ಕಿಮ್ಮತ್ತಿಲ್ಲ. ಅಲ್ಲಿ ನಿರ್ಣಾಯಕರಿಲ್ಲ, ಸಮಯ ಮುಗಿಯಿತೆಂದು ಗಂಟೆ ಬಾರಿಸುವವರಿಲ್ಲ. ಮಾಮಾ ಒಲೆಯ ಮೇಲಿನ ಹಂಡೆಯಲ್ಲಿ ನೂಲಿನ ಲಡಿಗಳನ್ನು ಕೋಲಿನಿಂದ ತಿರುವುತ್ತ, ನನ್ನ ಮುಖ ಕೂಡ ನೋಡದೆ, ನನ್ನ ಮಾತನ್ನೇ ಎತ್ತಿ ನನ್ನ ಮೇಲೆ ಎಸೆಯುತ್ತಾನೆ.

ಅವನ ಕೆಲಸ ಸೀರೆಯ ನೂಲಿಗೆ ಬಣ್ಣ ಹಾಕುವುದು. ಓಣಿಯ ತುಂಬ ಅಂಥವೇ ಮನೆಗಳು. ನೂಲು ಬಣ್ಣ ಕುಡಿದು ಉಳಿದ ಬಿಸಿನೀರು, ಲಡಿ ತೊಳೆದ ನೀರು, ಸೋಡಾದ ನೀರು ಎಲ್ಲವೂ ಮನೆಗಳ ಹಿಂದಿನ ಗಟಾರದಲ್ಲಿ ಕೂಡಿ ಊರ ಹೊರಗಿನ ಹಳ್ಳಕ್ಕೆ ಇಳಿಯುತ್ತವೆ. ಎಂ.ಎಸ್ಸಿ. ಪ್ರಾಣಿಶಾಸ್ತ್ರದ ಕೊನೆಯ ವರ್ಷ ನಾನು ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಆ ಹಳ್ಳದ ಮೀನುಗಳನ್ನು. ಹಾಗಂತ ಕಟ್ಟೆಯ ಮೇಲೆ ಕೂತು ಹೇಳಿದೆ.

"ಅಲ್ಲವಾ, ಆ ಹಳ್ಳಕ್ಕ ಬಣ್ಣದ ನೀರ ಹರಿಯಾಕತ್ತಿದ್ದು ನಿಮ್ಮಜ್ಜನ ಕಾಲದಿಂದ," ಎಂದ ಮಾಮಾ. "ಅದರಾಗ ಮೀನ ಅದಾವೋ ಇಲ್ಲೋ?"

"ಅದಾವ."

"ಈಸಾಡ್ತಾವೋ ಇಲ್ಲೋ?"

"ಈಸಾಡ್ತಾವ."

"ಮರಿ ಮಾಡ್ತಾವೋ ಇಲ್ಲೋ?"

"ಮಾಡ್ತಾವ."

"ಮುಗೀತಲ್ಲ. ಚಹಾ ಕುಡಿ."

ಎದುರಾಳಿಯ ಬಾಯಿಂದ ಹೌದು ಹೌದು ಅನ್ನಿಸಿಕೊಂಡು ಕಟ್ಟಿಹಾಕುವ ಈ ಉಪಾಯವನ್ನು ನಾನೂ ವೇದಿಕೆಯ ಮೇಲೆ ಎಷ್ಟೋ ಸಲ ಮಾಡಿದ್ದೇನೆ. ಬಿಡಿಸಿಕೊಳ್ಳುವುದೂ ಗೊತ್ತು.

"ದವಾಖಾನ್ಯಾಗ ಮಲಗಿದವರೂ ಜೀವಂತ ಇರ್ತಾರ ಮಾಮಾ. ಹಂಗಂತ ಅವರು ಆರಾಮ ಅದಾರ ಅಂತೀಯೇನ?"

ಕೋಲು ನಿಂತಿತು. "ಮೀನು ಆರಾಮ ಐತೋ ಇಲ್ಲೋ ನಿನಗ ಹೆಂಗ ಗೊತ್ತಾಕ್ಕೈತಿ? ಅದರ ನಾಡಿ ಹಿಡೀತಿ?"

"ರಕ್ತಾ ತಗೀತೇನಿ."

"ಮೀನು, ರಕ್ತಾ, ಇವೆಲ್ಲಾ ಹೊರಗಿಂದ ಹೊರಗ ಇರ್ಲಿ," ಎಂದು ಒಳಗಿನಿಂದ ಮಾಮಾನ ಹೆಂಡತಿ, ನನ್ನ ಅತ್ತಿ, ಕೂಗಿದಳು. ಅದು ಮೀನು ತಿನ್ನದ ಮನೆ. ಮೀನಿನ ಮಾತಾದರೂ ಹೊಸ್ತಿಲ ಆಚೆಯೇ ಆಗಬೇಕು.

ಮಾಮಾ ಕೋಲನ್ನು ಹಂಡೆಯ ಅಂಚಿಗೆ ಒರಗಿಸಿದ. ಆಮೇಲೆ, "ಹಂಗಾದ್ರ ಕೇಳು," ಎಂದ. "ನಮ್ಮ ನೀರಿನಿಂದ ಮೀನಿಗೆ ತ್ರಾಸ ಆಗೈತಿ ಅಂತ ನೀ ತೋರಸಿದ್ರ, ಈ ಓಣ್ಯಾಗ ನೀರ ಸೋಸೂ ಮೊದಲ ತೊಟ್ಟಿ ನಾ ಕಟ್ಟಸ್ತೇನಿ. ಸೋಸದ ಒಂದ ಹನಿ ಬಿಡೂದಿಲ್ಲ. ತೋರಸಲಿಲ್ಲಂದ್ರ ಈ ಮಾತ ನೀ ಮತ್ತ ಎತ್ತಬಾರದು."

"ಸಂಘದ ಮಂದಿ ಮುಂದ ಹೇಳ್ತಿ?"

"ಎಲ್ಲಾರ ಮುಂದ ಹೇಳ್ತೇನಿ, ವಕೀಲವ್ವ."

ಇದು ತಮಾಷೆಯ ಪಂಥವಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಬಣ್ಣದವರ ಸಂಘದಲ್ಲಿ ಮಾಮಾನ ಮಾತಿಗೆ ತೂಕವಿದೆ. ಅವನು ತೊಟ್ಟಿ ಕಟ್ಟಿದರೆ ಓಣಿಯವರು ಹಾಗೇ ಇರುವುದು ಕಷ್ಟ. ಅವನು ಕಟ್ಟದಿದ್ದರೆ ಯಾರೂ ಕಟ್ಟುವುದಿಲ್ಲ, ಹಳ್ಳ ಹೀಗೆಯೇ ಇರುತ್ತದೆ.

ನಾನು ಅಳೆಯಬೇಕಿದ್ದದ್ದು ಏನೆಂದು ಹೇಳಿಬಿಡುತ್ತೇನೆ. ಮೀನಿಗೂ ಗಾಬರಿಯಾಗುತ್ತದೆ. ಕೊಕ್ಕರೆ ನೀರಿಗೆ ಕಾಲಿಟ್ಟಾಗ, ಬಲೆ ಬಿದ್ದಾಗ, ನೀರು ಒಮ್ಮೆಲೆ ಕೆಟ್ಟಾಗ ಅದರ ರಕ್ತಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನು ಸೇರುತ್ತದೆ. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಮ್ಮ ಮೈಯಲ್ಲಿ ಏರುವುದೂ ಅದೇ. ಅದು ಮೈಯಲ್ಲಿ ಕೂಡಿಟ್ಟ ಶಕ್ತಿಯನ್ನು ಬಿಡಿಸಿಕೊಟ್ಟು, ಓಡು ಇಲ್ಲವೆ ತಡೆದುಕೋ ಎನ್ನುತ್ತದೆ. ಅಪಾಯ ದಾಟಿದ ಮೇಲೆ ಇಳಿಯಬೇಕು. ಇಳಿಯದೆ ಹಾಗೇ ಉಳಿದರೆ ಮೀನು ಬೆಳೆಯುವುದು ನಿಧಾನವಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಸಣ್ಣ ಗಾಯವೂ ಮಾಯುವುದಿಲ್ಲ. ಕೆಟ್ಟ ನೀರಿನಲ್ಲಿ ದಿನವೂ ಬದುಕುವ ಮೀನಿನಲ್ಲಿ ಕಾರ್ಟಿಸಾಲ್ ಸದಾ ಮೇಲೆಯೇ ಇರಬೇಕು ಎಂಬುದು ನನ್ನ ಎಣಿಕೆ.

ಇಲ್ಲೊಂದು ತೊಡಕಿದೆ. ಮೀನನ್ನು ಹಿಡಿಯುವುದೇ ಮೀನಿಗೆ ಗಾಬರಿ. ತಡಮಾಡಿದರೆ ನೀರು ಕೊಟ್ಟ ತ್ರಾಸ ಯಾವುದು, ನನ್ನ ಕೈ ಕೊಟ್ಟ ತ್ರಾಸ ಯಾವುದು ಎಂದು ಬೇರೆ ಮಾಡಲಾಗುವುದಿಲ್ಲ. ಆದ್ದರಿಂದ ಬಲೆ ಎತ್ತಿದ ಕೂಡಲೇ, ಹಾರ್ಮೋನು ಏರುವ ಮೊದಲೇ, ಬಾಲದ ಬುಡದಿಂದ ರಕ್ತ ತೆಗೆಯಬೇಕು. ಪ್ರಯೋಗಾಲಯದಲ್ಲಿ ಅದನ್ನು ರೂಢಿ ಮಾಡಿಕೊಂಡು ಹೋಗಿದ್ದೆ.

ಜಾಗ ಆರಿಸುವಾಗಲೂ ಎದುರಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಿದೆ. ಊರ ಗಟಾರ ಹಳ್ಳಕ್ಕೆ ಸೇರುವುದು ಮೇಲ್ಗಡೆ. ಬಣ್ಣದ ಓಣಿಯ ಗಟಾರ ಸೇರುವುದು ಅಲ್ಲಿಂದ ಕೆಳಗೆ. ನಡುವೆ ನೀರಿಗೆ ಅಡ್ಡ ಕಟ್ಟಿದ ಒಂದು ಸಣ್ಣ ಬಾಂದಾರವಿದೆ, ಮಳೆಗಾಲ ಬಿಟ್ಟರೆ ಮೀನು ಅದನ್ನು ದಾಟುವುದಿಲ್ಲ. ಬಾಂದಾರದ ಮೇಲಿನ ಮಡುವು ಒಂದು ಜಾಗ, ಓಣಿಯ ಗಟಾರ ಬಂದು ಸೇರುವ ಕೆಳಗಿನ ಮಡುವು ಇನ್ನೊಂದು. ಊರಿನ ಕೊಳೆ, ಹೊಲದ ಔಷಧ ಎರಡೂ ಕಡೆ ಇವೆ. ಓಣಿಯ ನೀರು ಮಾತ್ರ ಕೆಳಗಷ್ಟೇ.

ಬಲೆ ಬೀಸಲು ಹುನಗುಂದದ ಕಡೆಯ ಒಬ್ಬ ಕಾಕಾ ಒಪ್ಪಿಕೊಂಡ. ಬೀರಪ್ಪ ದೇವರ ಒಕ್ಕಲು, ಮನೆತನದ ಕಸುಬು ಕುರಿ. ಮಳೆಗಾಲ ಮುಗಿದ ಮೇಲೆ ಬಲೆ ಹಿಡಿದು ಹಳ್ಳಕ್ಕಿಳಿಯುವುದು ಅವನ ಖಯಾಲಿ. ಐಸಿನ ಡಬ್ಬಿ, ರಕ್ತವನ್ನು ಗರಗರ ತಿರುಗಿಸಿ ತಿಳಿ ಬೇರೆ ಮಾಡುವ ಯಂತ್ರ, ಅದರ ಬ್ಯಾಟರಿ, ಬುಟ್ಟಿ ಎಲ್ಲ ಒಯ್ಯಲು ಗಾಡಿ ಬೇಕಿತ್ತು. ಮಾಮಾ ತಾನಾಗಿಯೇ ತನ್ನ ಮೂರು ಗಾಲಿಯ ಟಂಟಂ ಕೊಟ್ಟ. ದಿನವೂ ಲಡಿ ಹೇರುವ ಗಾಡಿ ಅದು.

"ಅಮಾಸಿಗೆ ಬಾ," ಎಂದ. "ಅವತ್ತ ಗಾಡಿ ಖಾಲಿ ಇರ್ತೈತಿ, ನಾನೂ ಖಾಲಿ."

ವಿರೋಧ ಪಕ್ಷದವನೇ ಸಾರಥಿಯಾದದ್ದು ನನಗೆ ಖುಷಿಯಾಯಿತು. ಒಂದು ಅಮಾವಾಸ್ಯೆ ಹೋದೆವು, ಮುಂದಿನ ಅಮಾವಾಸ್ಯೆ ಮತ್ತೆ ಹೋದೆವು. ಬಲೆಗೆ ಬಂದದ್ದು ಹೆಚ್ಚಾಗಿ ಜಿಲೇಬಿ ಮೀನು. ಎಂಥ ನೀರಿನಲ್ಲೂ ಬದುಕುವ ಜಾತಿ. ರಕ್ತ ತೆಗೆದು ತಿರುಗಿ ನೀರಿಗೆ ಬಿಟ್ಟಾಗ ಕಾಕಾನಿಗೆ ಹೊಟ್ಟೆಯುರಿ.

"ಇಷ್ಟ ದೊಡ್ಡದನ್ನ ಬಿಡ್ತೀಯಲ್ಲವಾ. ಸಾರಿಗೆ ಹಾಕಿದ್ರ ಅದಕ್ಕೂ ಪುಣ್ಯ ಬರ್ತಿತ್ತು."

"ನಿನ್ನ ಪುಣ್ಯ ಎಲ್ಲಾ ಹೊಟ್ಟ್ಯಾಗ ಐತಿ ನೋಡಲೇ," ಎಂದ ದಂಡೆಯ ಮೇಲಿನ ಮಾಮಾ.

"ಹೂಂನಪಾ, ನಿಂದು ಗಟಾರದಾಗ ಐತಿ."

ಅವರಿಬ್ಬರೂ ಬಯ್ದಾಡಿಕೊಳ್ಳುತ್ತಿದ್ದಾಗ ನಾನು ಮೊಣಕಾಲುದ್ದ ನೀರಿನಲ್ಲಿ ಸೂಜಿ ಹಿಡಿದು ನಿಂತಿರುತ್ತಿದ್ದೆ.

ಬಾಗಲಕೋಟೆಯ ಪ್ರಯೋಗಾಲಯದಲ್ಲಿ ಫಲಿತಾಂಶ ಬಂತು. ಮೇಲಿನ ಮೀನು, ಕೆಳಗಿನ ಮೀನು, ಎರಡರಲ್ಲೂ ಕಾರ್ಟಿಸಾಲ್ ಸರಿಸುಮಾರು ಒಂದೇ. ಎರಡೂ ಕಡಿಮೆ. ಮಾಮಾನಿಗೆ ಫೋನಿನಲ್ಲಿ ಹೇಳಿದೆ. ಆ ಭಾನುವಾರ ಅವನು ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ನಮ್ಮ ಮನೆಗೇ ಬಂದ.

"ಮೀನು ಆರಾಮ ಅದಾವಂತ," ಎಂದು ನನ್ನ ಅಪ್ಪನ ಕೈಗೆ ಪೊಟ್ಟಣ ಕೊಟ್ಟ. "ನಿಮ್ಮ ಮಗಳು ರಕ್ತಾ ತಗದು ನೋಡ್ಯಾಳ. ಬಾಯಿ ಸಿಹಿ ಮಾಡ್ಕೋರಿ."

ನಾನು ತಿಂದೆ. ಸೋತರೆ ಮುಖ ಸಣ್ಣ ಮಾಡಬಾರದು ಎಂಬುದು ಚರ್ಚೆಯಲ್ಲಿ ಕಲಿತ ಮೊದಲ ಪಾಠ. ಎದುರಾಳಿ ಎಲ್ಲಿ ಗೆದ್ದ ಎಂದು ಹಿಂದೆ ಹೋಗಿ ಹುಡುಕು ಎಂಬುದು ಎರಡನೆಯದು. ಎಷ್ಟು ಹುಡುಕಿದರೂ ಅಂಕಿಗಳಲ್ಲಿ ತಪ್ಪು ಸಿಗಲಿಲ್ಲ.

ಅದು ಸಿಕ್ಕಿದ್ದು ಇಳಕಲ್ಲಿನಲ್ಲಿ, ಊಟವಾದ ಮೇಲೆ. ಮುಂದಿನ ಅಮಾವಾಸ್ಯೆಗೆ ಅತ್ತಿ ಹೋಳಿಗೆಗೆ ಕರೆದಿದ್ದಳು. ಕೈ ತೊಳೆಯಲು ಹಿತ್ತಲಿಗೆ ಹೋದರೆ, ಓಣಿಯ ಗಟಾರದಲ್ಲಿ ಬೆಕ್ಕೊಂದು ಕಾಲು ಚಾಚಿ ಮಲಗಿತ್ತು. ನೀರಿರಲಿ, ಪಸೆಯೂ ಇರಲಿಲ್ಲ. ಬೇರೆ ದಿನ ಅಲ್ಲಿ ಕೆಂಪೋ ನೀಲಿಯೋ ಬಿಸಿನೀರು ಹಬೆಯಾಡುತ್ತ ಹರಿಯುತ್ತದೆ.

"ಮಾಮಾ," ಎಂದೆ, "ಇವತ್ತ ಓಣ್ಯಾಗ ಯಾರೂ ಒಲಿ ಹಚ್ಚಿಲ್ಲೇನ?"

"ಅಮಾಸಿಗೆ ಯಾರ ಹಚ್ತಾರ? ಮಗ್ಗಾನ ನಿಂತಿರ್ತಾವ."

"ನಿನ್ನೆ?"

"ನಿನ್ನೆ ಹಂಡೆ ತೊಳದು ಪೂಜಾಕ್ಕ ಅಣಿ ಮಾಡೂದು. ಅರ್ಧಾ ದಿನಾ ಮ್ಯಾಲೆ ಕೆಲಸ ಆಗೂದಿಲ್ಲ. ಯಾಕ?"

ಗಿರಣಿ ಬಂದ್ ಇರುವ ದಿನ ನೋಡಿ ಹಿಟ್ಟಿನ ಧೂಳು ಹುಡುಕಲು ಹೋದಂತಾಗಿತ್ತು ನಮ್ಮ ಕೆಲಸ. ಯಾವ ಕಾರಣಕ್ಕೆ ಟಂಟಂ ಖಾಲಿಯಿತ್ತೋ ಅದೇ ಕಾರಣಕ್ಕೆ ಹಳ್ಳವೂ ತಿಳಿಯಾಗಿತ್ತು. ಗಾಡಿ ಸಿಕ್ಕ ದಿನವೆಲ್ಲ ನೀರು ಒಳ್ಳೆಯದು.

ನಾನು ಸಂಶಯದ ಪ್ರಾಣಿ. ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟೆ. "ನೀ ಇದನ್ನ ಬೇಕಂತನ ಮಾಡಿದಿ?"

ಮಾಮಾನ ಮುಖ ಬಿಗಿಯಿತು. "ಬ್ಯಾರೆ ದಿನಾ ಗಾಡಿ ನಿನಗ ಕೊಟ್ಟು, ಲಡಿ ನಾ ತಲಿ ಮ್ಯಾಲೆ ಹೊತಗೊಂಡ ಹೋಗ್ಲೇನ? ಅಮಾಸಿ ಅಂದಾಗ ನೀನೂ ಹೂಂ ಅಂದಿ."

ಅವನು ಹೇಳಿದ್ದು ಖರೆ. ನಮ್ಮ ಕಡೆ ಅಮಾವಾಸ್ಯೆಯ ರಜೆ ಎಷ್ಟು ಸಹಜವೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಮಾರ್ಗದರ್ಶಿ ಮೇಡಂ ಕೆರೂರಿನವರು, ನೇಕಾರರ ಮನೆಯವರು. ನನ್ನ ದಿನಾಂಕಗಳನ್ನು ಅವರೂ ನೋಡಿದ್ದರು. ಬೇರೆ ಸೀಮೆಯಿಂದ ಬಂದವರಾಗಿದ್ದರೆ, ಪ್ರತಿ ಸಲ ಅಮಾವಾಸ್ಯೆಯೇ ಯಾಕೆ ಎಂದು ಮೊದಲ ದಿನವೇ ಕೇಳುತ್ತಿದ್ದರು.

ಮೇಡಂಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕರು. "ನಾನೂ ಅಮಾಸಿ ಹೋಳಿಗಿ ಉಂಡು ಬೆಳದಾಕಿ. ನನಗೂ ಹೊಳೀಲಿಲ್ಲ ನೋಡು." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಇದನ್ನ ಹಿಡಕೊಂಡು ನೀರು ಚಲೋ ಐತಿ ಅಂತನೂ ಹೇಳಾಕ ಬರೂದಿಲ್ಲ, ಕೆಟ್ಟೈತಿ ಅಂತನೂ ಬರೂದಿಲ್ಲ. ಮತ್ತ ತಗೊಂಡ ಬಾ. ಈ ಸಲ ಒಂದ ಬಕೆಟ್ಟೂ ಇರ್ಲಿ. ಅರ್ಧಾ ಮೀನಿನ ರಕ್ತಾ ಹಿಡದ ಕೂಡಲೇ ತಗಿ. ಉಳದವನ್ನ ಸ್ವಲ್ಪ ಹೊತ್ತು ಬಕೆಟ್ಟಿನ್ಯಾಗ ಒತ್ತೊತ್ತಾಗಿ ಬಿಟ್ಟು, ಆಮ್ಯಾಲೆ ತಗಿ. ಗಾಬರಿ ಮಾಡಸಿದ್ರ ಎಷ್ಟ ಏರ್ತಾವ ನೋಡೋಣ."

ಕೆಲಸದ ದಿನ ಟಂಟಂ ಇಲ್ಲ. ಹೀಗಾಗಿ ಬಾಗಲಕೋಟೆಯಿಂದ ಇಳಕಲ್ಲಿಗೆ ಬಸ್ಸೇ ಗತಿ. ಯಂತ್ರದ ಚೀಲ ಬೆನ್ನಿಗೆ, ಬಕೆಟ್ಟು ಕಾಲ ಬಳಿ, ಐಸಿನ ಡಬ್ಬಿ ತೊಡೆಯ ಮೇಲೆ. ಅಮೀನಗಡದಲ್ಲಿ ಹತ್ತಿದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು ಡಬ್ಬಿಯನ್ನು ಬೆರಳಿನಿಂದ ಬಡಿದು ನೋಡಿದಳು.

"ಕುಲ್ಪಿ ಮಾರ್ತೀಯೇನವಾ?"

"ಇಲ್ಲಬೇ. ಮೀನಿನ ರಕ್ತಾ ತರಾಕ ಹೊಂಟೇನಿ."

ಅಜ್ಜಿ ಸೆರಗು ಎಳೆದುಕೊಂಡು ಕಿಟಕಿಯ ಕಡೆ ಸರಿದಳು. ಕಂಡಕ್ಟರ್ ಬಾಯಿ ಬಿಟ್ಟು ನಕ್ಕ. "ಹೋಗಾಗ ನಿನ್ನ ಟಿಕೀಟ ಸಾಕು. ಬರಾಗ ಮೀನಿಗೂ ತಗೋಬೇಕು ನೋಡು."

ಹಳ್ಳದ ಕೆಳಗಿನ ಮಡುವು ಆ ದಿನ ಬೇರೆಯೇ ಆಗಿತ್ತು. ಗಟಾರದ ಬಾಯಲ್ಲಿ ಕುಂಕುಮದ ಬಣ್ಣದ ನೀರು ಬೀಳುತ್ತಿತ್ತು. ಅದರ ಸುತ್ತ ನೊರೆ, ಮೂಗಿಗೆ ಸೋಡಾದ ವಾಸನೆ. ಕಾಕಾ ಪಂಚೆ ಎತ್ತಿ ಕಟ್ಟಿ ಒಂದು ಕಾಲು ನೀರಿಗಿಟ್ಟು ತಟ್ಟನೆ ತೆಗೆದ.

"ಕಾಲ ಕಡೀತಾವವಾ ಇವತ್ತ. ಅಮಾಸಿಗೆ ಬರೂದ ಚಲೋ ಇತ್ತು."

"ಅದಕ್ಕ ಇವತ್ತ ಬಂದೇನಿ ಕಾಕಾ."

ಬಲೆ ಬೀಸಿದ. ನಾನು ರಕ್ತ ತೆಗೆದೆ. ಬಕೆಟ್ಟಿನ ಮೀನುಗಳದ್ದೂ ತೆಗೆದೆ. ಬಾಂದಾರದ ಮೇಲೆ ಹೋಗಿ ಅದೇ ಕ್ರಮದಲ್ಲಿ ಅದನ್ನೇ ಮಾಡಿದೆ. ನಡುವೆ ಎರಡು ವಾರ ಬಿಟ್ಟು ಇನ್ನೊಂದು ಕೆಲಸದ ದಿನ ಹೋಗಿ ಮತ್ತೆ ಮಾಡಿದೆ. ಈ ಸಲ ಕೆಳಗಿನ ಮೀನಿನಲ್ಲಿ ಕಾರ್ಟಿಸಾಲ್ ಮೇಲೇರಿರುತ್ತದೆ ಎಂದು ನನಗೆ ಸಂಶಯವೇ ಇರಲಿಲ್ಲ. ನನಗೆ ಸಂಶಯವೇ ಇಲ್ಲದ ವಿಷಯಗಳು ಬಹಳ ಇಲ್ಲ. ಇದ್ದಾಗಲೆಲ್ಲ ಹೀಗೆಯೇ ಆಗುತ್ತದೆ.

ಏರಿರಲಿಲ್ಲ. ಹಿಡಿದ ಕೂಡಲೇ ತೆಗೆದ ರಕ್ತದಲ್ಲಿ ಎರಡೂ ಕಡೆಯ ಮೀನು ಮತ್ತೆ ಒಂದೇ ಸಮ. ವ್ಯತ್ಯಾಸ ಕಂಡದ್ದು ಬಕೆಟ್ಟಿನಲ್ಲಿ. ಮೇಲಿನ ಮೀನು ಬಕೆಟ್ಟಿಗೆ ಬಿದ್ದ ಮೇಲೆ ಹಾರ್ಮೋನು ನೆಗೆದಿತ್ತು, ನೆಗೆಯಲೇಬೇಕು. ಕೆಳಗಿನ ಮೀನಿನಲ್ಲಿ ಅದು ಇದ್ದಲ್ಲಿಯೇ ಇತ್ತು. ಒತ್ತೊತ್ತಾಗಿ ತುಂಬಿದ ಬಕೆಟ್ಟಿನಲ್ಲಿ, ಉಸಿರಿಗೆ ಬಾಯಿ ತೆರೆಯುತ್ತಿದ್ದರೂ, ಅವುಗಳ ಮೈಯೊಳಗೆ ಏನೂ ಆಗಿರಲಿಲ್ಲ.

ಅಂಕಿಗಳಿಂದ ನಾನು ಬರೆದ ಗ್ರಾಫಿನ ಗೆರೆಗಳ ಮೇಲೆ ಮೇಡಂ ಬೆರಳಾಡಿಸಿದರು. "ಹಾರ್ಮೋನು ಮಾಡೂ ಜೀವಕೋಶಗಳು ಮೂತ್ರಪಿಂಡದ ಮುಂದಿನ ಭಾಗದಾಗ ಇರ್ತಾವ. ವರ್ಷಾನುಗಟ್ಟಲೆ ಕೆಟ್ಟ ನೀರು ಬಿದ್ರ ಅವು ಸೋತು ಹೋಗಿರಬಹುದು. ಗಾಬರಿ ಆಗಬೇಕಾದಲ್ಲಿ ಗಾಬರಿ ಆಗೂ ತಾಕತ್ತ ಉಳದಿಲ್ಲ. ಅಂಥಾ ಮೀನಿಗೆ ಕೊಕ್ಕರಿ ಬಂದ್ರೂ ಮೈ ಎಚ್ಚರ ಆಗೂದಿಲ್ಲ."

ನನಗೆ ಸಿಟ್ಟು ಬಂತು. "ಮೇಡಂ, ಇದು ನಮಗ ಭಾಳ ಅನುಕೂಲ ಆತ್ರಿ. ಏರಿದ್ರೂ ನೀರು ಕೆಟ್ಟದ್ದು, ಏರದಿದ್ರೂ ನೀರು ಕೆಟ್ಟದ್ದು. ಹಂಗಾದ್ರ ನಮ್ಮ ಮಾತು ಸುಳ್ಳ ಆಗೂದು ಯಾವಾಗ್ರಿ? ನಮ್ಮ ಮಾಮಾ ಇದನ್ನ ಕೇಳಿದ್ರ ನಾ ಏನ ಹೇಳ್ಲಿ?"

"ಅವರು ಕೇಳೂದಕ್ಕಿಂತ ಮೊದಲ ನೀ ಕೇಳಿದಿ, ಚಲೋ ಆತು. ಸುಳ್ಳ ಆಗೂ ದಾರಿ ನೀನ ಹುಡುಕು."

ಹುಡುಕಿದೆ. ಮೇಲಿನ ಮಡುವಿನಿಂದ, ಗಾಬರಿ ಸರಿಯಾಗಿರುವ ಮೀನುಗಳನ್ನು ಹಿಡಿದು, ಅರ್ಧವನ್ನು ಜಾಲರಿಯ ಪಂಜರದಲ್ಲಿ ಮೇಲೆಯೇ ಕಟ್ಟಬೇಕು. ಉಳಿದರ್ಧವನ್ನು ಅಂಥದೇ ಪಂಜರದಲ್ಲಿ ಕೆಳಗಿನ ಮಡುವಿನಲ್ಲಿ ಕಟ್ಟಬೇಕು. ಒಂದೇ ಮಡುವಿನ ಮೀನು, ಒಂದೇ ಜಾತಿ, ಒಂದೇ ಪಂಜರ, ನೀರು ಮಾತ್ರ ಬೇರೆ. ಕೆಳಗೆ ಕಟ್ಟಿದವು ವಾರಗಳಾದ ಮೇಲೂ ಬಕೆಟ್ಟಿನಲ್ಲಿ ಸರಿಯಾಗಿ ಗಾಬರಿಯಾದರೆ ನಾನು ಸೋತೆ. ಮುಂದೆ ಎಂದೂ ಆ ಮಾತು ಎತ್ತುವುದಿಲ್ಲ. ಇದನ್ನು ಪಂಜರ ಕಟ್ಟುವ ಮೊದಲೇ ಮಾಮಾನಿಗೆ ಹೇಳಿದೆ. ಆಮೇಲೆ ನಿಯಮ ಬದಲಾಯಿಸಿದಳು ಎನ್ನಬಾರದಲ್ಲ.

"ಮೂರನೇ ಸಲಾ ಆಟಾ ಆಡಾಕತ್ತಿ," ಎಂದ ಅವನು.

"ಮೊದಲನೇ ಸಲಾ ಮೈದಾನದಾಗ ನಿಮ್ಮ ನೀರ ಇರಲೇ ಇಲ್ಲ. ಅದನ್ನ ಹಿಡೀಬ್ಯಾಡ."

"ಪಂಜರದಾಗ ಇಟ್ಟರ ಮನಶ್ಯಾಗೂ ತ್ರಾಸ ಆಕ್ಕೈತಿ."

"ಅದಕ್ಕ ಮ್ಯಾಲೂ ಒಂದ ಪಂಜರಾ ಕಟ್ಟಾಕತ್ತೇನಿ."

ಅವನು ತಲೆ ಕೆರೆದುಕೊಂಡ. "ಹೂಂ, ಕಟ್ಟು," ಎಂದ. ನನ್ನ ವಾದಕ್ಕೆ ಅವನು ಹೂಂ ಅಂದದ್ದು ಬಹಳ ವರ್ಷಗಳಲ್ಲಿ ಅದೇ ಮೊದಲ ಸಲ.

ಪಂಜರಗಳನ್ನು ಜಾಲಿಯ ಬೇರಿಗೆ ಬಿಗಿದದ್ದು ಕಾಕಾ. ಕಾಯಲು ಒಪ್ಪಿದವನೂ ಅವನೇ. ತಿನ್ನುವ ಮೀನನ್ನು ತಿನ್ನದೆ ಕಾಯುವ ಕೆಲಸ ತನ್ನ ವಂಶದಲ್ಲಿ ಯಾರೂ ಮಾಡಿಲ್ಲವೆಂದು ಬಸ್‌ಸ್ಟ್ಯಾಂಡಿನವರೆಗೂ ಹೇಳುತ್ತ ಬಂದ. ನಾನು ರಜೆ ಇರಲಿ, ಕ್ಲಾಸು ಇರಲಿ, ವಾರ ತಪ್ಪದೆ ಹೋದೆ. ಆ ಕಂಡಕ್ಟರ್ ನನ್ನನ್ನು ಕಂಡರೆ, "ರಕ್ತದವ್ವ ಬಂದ್ಲು, ಜಾಗಾ ಬಿಡ್ರಿ," ಎನ್ನುತ್ತಿದ್ದ. ಜಾಗವೂ ಸಿಗುತ್ತಿತ್ತು.

ಕೆಳಗಿನ ಪಂಜರದ ಮೀನು ಮೊದಲು ನಾನು ಎಣಿಸಿದಂತೆಯೇ ನಡೆದುಕೊಂಡಿತು. ಹಿಡಿದ ಕೂಡಲೇ ತೆಗೆದ ರಕ್ತದಲ್ಲೂ ಹಾರ್ಮೋನು ಮೇಲೆ. ಕೆಟ್ಟ ನೀರಿಗೆ ಅವು ಗಾಬರಿಯಾಗಿದ್ದವು. ವಾರಗಳು ಹೋದಂತೆ ಅದು ಇಳಿಯಿತು. ಇಳಿದದ್ದನ್ನು ನೋಡಿ ಇವು ಈ ನೀರಿಗೆ ಒಗ್ಗಿಕೊಂಡವು ಎಂದುಕೊಳ್ಳಬಹುದಿತ್ತು. ಆದರೆ ಬಕೆಟ್ಟಿನಲ್ಲಿ ಬಿಟ್ಟಾಗ ಏರುವುದೂ ಕಡಿಮೆಯಾಗುತ್ತ ಬಂತು. ಕೊನೆಗೆ ಏರಲೇ ಇಲ್ಲ. ಅಷ್ಟರಲ್ಲಿ ಕೆಲವು ಸತ್ತಿದ್ದವು. ಉಳಿದವುಗಳ ರೆಕ್ಕೆಯಂಚು ಹರಿದಿತ್ತು, ಕಿವಿರು ಬಾತಿತ್ತು, ಮೈ ಇಳಿದು ತಲೆ ದೊಡ್ಡದಾಗಿ ಕಾಣುತ್ತಿತ್ತು. ಮೇಲಿನ ಪಂಜರದ ಮೀನು ಅಷ್ಟೇ ದಿನ ಅಷ್ಟೇ ಜಾಲರಿಯೊಳಗಿದ್ದರೂ ಬಕೆಟ್ಟಿನಲ್ಲಿ ಬಿಟ್ಟಾಗ ಅವುಗಳ ಹಾರ್ಮೋನು ಮೊದಲಿನಂತೆಯೇ ನೆಗೆಯುತ್ತಿತ್ತು.

ಫಲಿತಾಂಶ ಹಿಡಿದು ಬಣ್ಣದ ಮನೆಗೆ ಹೋದೆ. ಮಾಮಾ ಎಲ್ಲ ಕೇಳಿಸಿಕೊಂಡ. ಹಂಡೆಯೊಳಗಿಂದ ಲಡಿ ಎತ್ತಿ ಬರಿಗೈಯಿಂದಲೇ ಹಿಂಡಿದ. ಹಬೆ ಏಳುತ್ತಿತ್ತು.

"ಗಾಬರಿ ಇಲ್ಲಂದ್ರ ಆರಾಮ ಅಂತ ಅಲ್ಲೇನ? ನಾ ಎಲ್ಲಾರಿಗೂ ಅದನ್ನ ಹೇಳ್ತೇನಿ, ಗಾಬರಿ ಆಗಬ್ಯಾಡ್ರಿ ಅಂತ."

"ಆ ಲಡಿ ನಿನಗ ಸುಡೂದಿಲ್ಲೇನ ಮಾಮಾ?"

"ರೂಢಿ ಆಗೈತಿ."

ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದ ಅತ್ತಿ ತಲೆಯೆತ್ತದೆ ಹೇಳಿದಳು: "ರೂಢಿ ಅಂತ ರೂಢಿ. ಹ್ವಾದ ದೀಪಾವಳ್ಯಾಗ ಮುಂಗೈ ಪೂರಾ ಬೊಬ್ಬಿ ಎದ್ದಿತ್ತು. ಕುದಿಯೂ ನೀರ ಬಿದ್ದದ್ದು ಖಬರಿಲ್ಲ ಇವ್ರಿಗೆ. ನಾ ನೋಡಿ ಹೇಳಿದ ಮ್ಯಾಲೆ ದವಾಖಾನಿಗೆ ಹ್ವಾದ್ರು."

ಗೆಲ್ಲುವ ಸಾಕ್ಷಿ ಎದುರಾಳಿಯ ಮನೆಯಿಂದಲೇ ಬಂದಾಗ ಬಾಯಿ ಮುಚ್ಚಿಕೊಂಡಿರಬೇಕು. ಮಾಮಾ ತನ್ನ ಮುಂಗೈ ನೋಡಿಕೊಂಡ. ನೀಲಿ, ಕೆಂಪು, ಕಪ್ಪು ಗೆರೆಗಳ ನಡುವೆ ಆ ಕಲೆಯ ಚರ್ಮ ಬೇರೆಯಾಗಿ ಹೊಳೆಯುತ್ತಿತ್ತು.

"ಊರ ಗಟಾರದ ನೀರ?" ಎಂದ ಕೈ ಕೆಳಗಿಳಿಸಿ. ಸುಲಭಕ್ಕೆ ಬಿಡುವವನಲ್ಲ.

"ಅದು ಮ್ಯಾಲಿನ ಪಂಜರಕ್ಕೂ ಬರ್ತೈತಿ. ಆ ಮೀನು ನೆಟ್ಟಗ ಅದಾವ."

"ಹೊಲದ ಔಷಧಿ?"

"ಅದೂ ಎರಡೂ ಕಡೆ."

"ನಮ್ಮ ನೀರಿನ್ಯಾಗ ಬಣ್ಣ ಐತಿ, ಉಪ್ಪ ಐತಿ, ಸೋಡಾ ಐತಿ, ಸಾಬಾಣ ಐತಿ. ಅದರಾಗ ಯಾವದು?"

"ಅದು ನನಗ ಗೊತ್ತಿಲ್ಲ," ಎಂದೆ. "ಓಣಿ ಗಟಾರದ ನೀರು ಅಂತ ಇಷ್ಟ ಹೇಳಾಕ ಬರ್ತೈತಿ. ಬಣ್ಣಾನೋ ಸೋಡಾನೋ ಅನ್ನೂದು ಈ ಪರೀಕ್ಷಾದಿಂದ ಗೊತ್ತಾಗೂದಿಲ್ಲ."

ಅವನು ಲಡಿಯನ್ನು ಗಳಕ್ಕೆ ಹಾಕಿ ಕೈ ಒರೆಸಿಕೊಂಡ. "ಗೊತ್ತಿಲ್ಲ ಅಂದಿ ನೋಡು, ಅದಕ್ಕ ಉಳದದ್ದನ್ನ ನಂಬತೇನಿ."

ಸಂಘದ ಸಭೆ ಸೇರಿದ್ದು ಓಣಿಯ ಕೊನೆಯ ಸಭಾಗೃಹದಲ್ಲಿ. ಚಾಪೆಯ ಮೇಲೆ ಬಣ್ಣದ ಉಗುರುಗಳ ಗಂಡಸರು, ಹಿಂದೆ ಕೆಲವು ಹೆಂಗಸರು. ನಾನು ಗೆರೆಗಳ ಚಿತ್ರ ಗೋಡೆಗೆ ಅಂಟಿಸಿ ಹೇಳಿದೆ. ಏರುವ ಗೆರೆ ಒಳ್ಳೆಯದು, ಮಲಗಿದ ಗೆರೆ ಕೆಟ್ಟದ್ದು ಎಂದಾಗ ಮುಂದಿನ ಸಾಲಿನವನೊಬ್ಬ ಕೈ ಎತ್ತಿದ.

"ಅಂದ್ರ ಮೀನಿಗೆ ಗಾಬರಿ ಆಗಲಿಲ್ಲ ಅಂತ ನಾವು ಗಾಬರಿ ಆಗಬೇಕೇನ್ರಿ?"

ಸಭೆಯ ತುಂಬ ನಗು. ಒಳ್ಳೆಯ ಮಾತು, ಸ್ಪರ್ಧೆಯಲ್ಲಾಗಿದ್ದರೆ ನಾನೇ ಅಂಕ ಕೊಡುತ್ತಿದ್ದೆ. ಇನ್ನೊಬ್ಬ ಎದ್ದು ಮಾಮಾನ ಕಡೆ ತಿರುಗಿದ. "ಮಾವಾ ಸೊಸಿ ಕೂಡಿ ಓಣಿ ಮುಚ್ಚಸಾಕ ಹೊಂಟೀರಿ. ನಾಳೆ ಸರಕಾರದವರು ಇದನ್ನ ಹಿಡಕೊಂಡ ಬಂದ್ರ ನಮ್ಮ ಒಲಿ ಆರಸ್ತಾರ. ನಿನ್ನ ಒಲೀನೂ ಆರ್ತೈತಿ, ಗೊತ್ತೈತಿಲ್ಲ?"

ಅವನ ಭಯ ಸುಳ್ಳಲ್ಲ. ಬಾಗಿಲು ಹಾಕಿಸುವುದು ಸುಲಭ, ನೀರು ಸೋಸುವುದು ಕಷ್ಟ. ಬಂದವರು ಸುಲಭದ ದಾರಿಯನ್ನೇ ಹಿಡಿಯಬಹುದು. ಉತ್ತರ ಕೊಡಲು ನಾನು ಬಾಯಿ ತೆರೆದೆ. ಮಾಮಾ ಕೈಯಿಂದ ತಡೆದು ಎದ್ದ.

"ನಾ ಇಕಿ ಕೂಡ ಪಂಥಾ ಕಟ್ಟಿದ್ದೆ. ನಮ್ಮ ನೀರಿನಿಂದ ತ್ರಾಸ ಐತಿ ಅಂತ ತೋರಸಿದ್ರ ಮೊದಲ ತೊಟ್ಟಿ ನಂದು ಅಂತ. ತೋರಸ್ಯಾಳ. ನಾ ಹುಡುಕಿದ ಸಂದ್ಯಾಗೆಲ್ಲಾ ಕೈ ಹಾಕಿ ನೋಡೇನಿ, ಎಲ್ಲೂ ತಪ್ಪ ಸಿಗಲಿಲ್ಲ. ಬರೂ ವಾರ ನಮ್ಮ ಹಿತ್ತಲದಾಗ ತೊಟ್ಟಿ ಅಗೀತೇನಿ. ಸರಕಾರ ಬರ್ಲಿ, ಬರದಿರ್ಲಿ. ಅವ್ರು ಬಂದಾಗ ನಮ್ಮ ಹಂತೇಕ ತೊಟ್ಟಿ ಇದ್ರ ಮಾತಾಡಾಕ ಬಾಯಿ ಇರ್ತೈತಿ. ಇಲ್ಲಂದ್ರ ಅದೂ ಇರೂದಿಲ್ಲ."

ಕೆಲವರು ಎದ್ದು ಹೋದರು. ಗಾಬರಿಯ ಮಾತಾಡಿದವನು ಮಾತ್ರ ಹೋಗದೆ ಕೂತು, ತೊಟ್ಟಿಯಲ್ಲಿ ಸುಣ್ಣ ಯಾವಾಗ ಹಾಕಬೇಕು, ಮರಳು ಎಷ್ಟು ದಿನಕ್ಕೆ ಬದಲಿಸಬೇಕು ಎಂದು ಕೇಳಿದ. ಅವನ ಮನೆಯ ಗಟಾರ ಮಾಮಾನ ಹಿತ್ತಲಿನ ಮೂಲಕವೇ ಹಾದುಹೋಗುತ್ತದೆ.

ತೊಟ್ಟಿ ಆಯಿತು. ನೀರು ಮೊದಲು ಒಂದು ಗುಂಡಿಯಲ್ಲಿ ನಿಂತು ತಣಿಯುತ್ತದೆ, ಸುಣ್ಣ ಬಿದ್ದು ಬಣ್ಣ ತಳಕ್ಕೆ ಕೂರುತ್ತದೆ, ಆಮೇಲೆ ಮರಳು ಇದ್ದಿಲುಗಳ ನಡುವೆ ಇಳಿಯುತ್ತದೆ. ಹೊರಗೆ ಬಂದ ನೀರನ್ನು ಮಾಮಾ ಗಾಜಿನ ಲೋಟದಲ್ಲಿ ಹಿಡಿದು ನನ್ನ ಮುಖದ ಮುಂದೆ ಎತ್ತಿದ.

"ತಿಳಿ ಆಗೈತಿ ನೋಡು. ಈಗ ಬಾಯಿ ಮುಚ್ಚು."

"ಕಣ್ಣಿಗೆ ತಿಳಿ ಆಗೈತಿ. ಉಪ್ಪು ಸೋಸೂದಿಲ್ಲ ಇದು. ಕರಗಿದ್ದು ಏನೇನ ಉಳದೈತೋ ಗೊತ್ತಿಲ್ಲ. ಓಣ್ಯಾಗ ಉಳದ ಮನಿಗಳ ನೀರು ಹಂಗ ಹೊಂಟೈತಿ. ಎಲ್ಲಾರೂ ಕೂಡಿ ದೊಡ್ಡ ತೊಟ್ಟಿ ಕಟ್ಟೂ ತನಕಾ ಹಳ್ಳ ಸುಧಾರಿಸೂದಿಲ್ಲ ಮಾಮಾ."

"ಗೆದ್ದ ಮ್ಯಾಲೂ ಬಿಡೂದಿಲ್ಲೇನ ನೀ?"

"ನಾ ಗೆದ್ದದ್ದು ಪಂಥಾ ಅಷ್ಟ."

ಅವನು ಲೋಟದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ಅಂಗಿ ಹಾಕಿಕೊಂಡು, ಬಾ ಎಂದ. ಸಭೆಯಿಂದ ಮೊದಲು ಎದ್ದು ಹೋದವನ ಮನೆಗೆ ಹೋದೆವು. ಅವನು ಬಾಗಿಲಲ್ಲಿಯೇ ನಿಂತು, ಲಗ್ನದ ಹಂಗಾಮು ನಡೆದಿದೆ, ಈಗ ತೊಟ್ಟಿಯ ಮಾತು ಬೇಡ, ಮಳೆಗಾಲ ಕಳೆಯಲಿ ಎಂದ.

"ಆತು," ಎಂದ ಮಾಮಾ. ಚಪ್ಪಲಿ ಬಿಟ್ಟು ಅವನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತ. "ನಿನ್ನ ಕೆಲಸ ನೀ ಮಾಡು. ನಾವು ಇಲ್ಲೇ ಕುಂತಿರ್ತೇವಿ. ಕೈ ಖಾಲಿ ಆದಾಗ ಬಾ, ಇಕಿ ಮೊದಲಿಂದ ಹೇಳ್ತಾಳ."

ನಾನು ಗೆರೆಗಳ ಚಿತ್ರವನ್ನು ತೊಡೆಯ ಮೇಲೆ ಬಿಚ್ಚಿ ಹಾಸಿಕೊಂಡು ಅವನ ಪಕ್ಕ ಕೂತೆ.